ಶುಗರ್ ಇದೆ, ಕುಡಿದಿಲ್ಲ: ಒಬ್ಬರೇ ಸೈಕಲ್ ತುಳಿಯುವವರೊಬ್ಬರ ಕೈಪಟ್ಟಿಯ ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ಮೇಷ್ಟ್ರು ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಹಳ್ಳಿಗಳ ಹೆಸರು ಬಿಟ್ಟಿದ್ದೇನೆ.

ಹಿನ್ನೆಲೆ

ಮೇಷ್ಟ್ರಿಗೆ 55 ದಾಟಿದೆ. ಮನೆ ಮೈಸೂರಿನಲ್ಲಿ. ಸಕ್ಕರೆ ಕಾಯಿಲೆ ಹಳೆಯದು. ಮಾತ್ರೆಗೆ ಬಗ್ಗದೆ ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೈಕಲ್ ಶುರು ಮಾಡಿದ್ದು ಡಾಕ್ಟರು ನಡೆಯಿರಿ ಅಂದದ್ದಕ್ಕೆ. ನಡಿಗೆ ಬೇಜಾರು ಬಂತು, ಸೈಕಲ್ ಹಿಡಿಸಿತು. ಮೊದಲು ಬಡಾವಣೆ ಸುತ್ತ, ಆಮೇಲೆ ಚಾಮುಂಡಿ ಬೆಟ್ಟ, ಆಮೇಲೆ ಟಿ. ನರಸೀಪುರದ ಕಡೆ, ವರುಣಾ ನಾಲೆಯ ಪಕ್ಕದ ಹಳ್ಳಿ ರಸ್ತೆಗಳು. ಭಾನುವಾರ ನಮ್ಮ ಗುಂಪಿನ ಜೊತೆ ಬರುತ್ತಾರೆ. ಉಳಿದ ದಿನ ಒಬ್ಬರೇ, ಅದೂ ಇನ್ನೂ ಬೆಳಕು ಹರಿಯುವ ಮೊದಲೇ.

ಅವರು ನಿರ್ಲಕ್ಷ್ಯದ ಮನುಷ್ಯ ಅಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಘಟನೆ ನಡೆದ ದಿನ ಅವರ ಬಳಿ ಗುರುತಿಗೆ ಸಂಬಂಧಿಸಿದ ನಾಲ್ಕು ವಸ್ತುಗಳಿದ್ದವು. ಸೀಟಿನ ಕೆಳಗಿನ ಚೀಲದಲ್ಲಿ ಹೆಸರು, ಮನೆಯವರ ನಂಬರ್ ಬರೆದ ಚೀಟಿ. ಅದೇ ಚೀಲದಲ್ಲಿ ಡ್ರೈವಿಂಗ್ ಲೈಸೆನ್ಸ್. ಹೆಲ್ಮೆಟ್ ಮೇಲೆ ರಕ್ತದ ಗುಂಪಿನ ಸ್ಟಿಕ್ಕರ್. ಜೇಬಿನಲ್ಲಿ ಫೋನ್. ಯಾವುದೂ ಬೇಕಾದ ಹೊತ್ತಿಗೆ ಬೇಕಾದ ಕೆಲಸ ಮಾಡಲಿಲ್ಲ. ಈ ಪ್ರಕರಣ ಬರೆಯಲು ಅದೇ ಕಾರಣ.

ಏನಾಯಿತು

ಅವತ್ತು ಮೇಷ್ಟ್ರು ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ಎರಡು ಇಡ್ಲಿ ತಿಂದು ಹೊರಟರು. ಗಾಳಿ ಹಿತವಾಗಿತ್ತು, ರಸ್ತೆ ಖಾಲಿ. ಅಂದುಕೊಂಡದ್ದಕ್ಕಿಂತ ಮುಂದೆ ಹೋದರು. ದೇಹ ದಣಿಯುವಾಗ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಅದರ ಮೇಲೆ ಚುಚ್ಚಿಕೊಂಡ ಇನ್ಸುಲಿನ್ ಬೇರೆ. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಲೋ ಶುಗರ್ ಅನ್ನುತ್ತಾರೆ. ಮೊದಲು ಬೆವರು, ಕೈನಡುಕ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಎದುರಿಗೆ ನಿಂತವರು ಯಾರು ಅಂತ ತಿಳಿಯುವುದಿಲ್ಲ.

ಅವರು ಬೀಳಲಿಲ್ಲ. ಇದು ಮುಖ್ಯ. ನಾಲೆಯ ಸೇತುವೆ ಹತ್ತಿರ ಸೈಕಲ್ ಇಳಿದು, ಅದನ್ನು ಒರಗಿಸಿ, ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ನೇತುಹಾಕಿ, ಕಟ್ಟೆಯ ಪಕ್ಕ ಕೂತರು. ಕೂತವರು ಹಾಗೇ ವಾಲಿದರು. ಡೇರಿಗೆ ಹಾಲು ಹಾಕಲು ಹೊರಟಿದ್ದ ಇಬ್ಬರು ಬೈಕ್ ನಿಲ್ಲಿಸಿ ಮಾತಾಡಿಸಿದರು. ಉತ್ತರ ಬಂತು, ಆದರೆ ತೊದಲು. "ಬೆಳ್ ಬೆಳಗ್ಗೇನೆ ಹಾಕ್ಬುಟ್ಟವ್ನೆ ಕಣ್ಲಾ, ಬುಡು" ಅಂದು ಹೊರಟರು. ಈ ಮಾತು ಮೇಷ್ಟ್ರಿಗೆ ಅರೆಬರೆ ನೆನಪಿದೆ. ಆಮೇಲೆ ಆ ಇಬ್ಬರಲ್ಲಿ ಒಬ್ಬರು ತಾವಾಗಿಯೇ ಬಂದು ಒಪ್ಪಿಕೊಂಡರು ಕೂಡ. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಬೆವರು, ತೊದಲು, ತೂಗಾಟ: ನೋಡಿದವರು ಇನ್ನೇನು ಅಂದುಕೊಳ್ಳಬೇಕು?

ಸ್ವಲ್ಪ ಹೊತ್ತಿನ ಮೇಲೆ ಕಾಲೇಜಿಗೆ ಹೊರಟಿದ್ದ ಹುಡುಗನೊಬ್ಬ ನಿಲ್ಲಿಸಿದ. ಅಷ್ಟರಲ್ಲಿ ಮೇಷ್ಟ್ರು ಕರೆದರೆ ಕಣ್ಣು ಬಿಡುವ ಸ್ಥಿತಿಯಲ್ಲೂ ಇರಲಿಲ್ಲ. ಹುಡುಗ ಮೊದಲು 108ಕ್ಕೆ ಫೋನ್ ಮಾಡಿದ. ಆಮೇಲೆ ಮೇಷ್ಟ್ರ ಫೋನ್ ತೆಗೆದ. ಲಾಕ್ ಆಗಿತ್ತು. ಲಾಕ್ ಪರದೆಯಲ್ಲಿ ಎಮರ್ಜೆನ್ಸಿ ಅಂತ ಇರುವುದನ್ನು ಒತ್ತಿದ. ಒಳಗೆ ಏನೂ ತುಂಬಿಸಿರಲಿಲ್ಲ. ಸೀಟಿನ ಚೀಲ ಬಿಚ್ಚಿದಾಗ ಚೀಟಿ ಸಿಕ್ಕಿತು. ಬೆವರು, ಮಳೆಗೆ ಶಾಯಿ ಸ್ವಲ್ಪ ಹರಡಿತ್ತು, ಆದರೂ ಓದಬಹುದಿತ್ತು. ಹುಡುಗ ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದ. ಕಟ್ ಆಯಿತು. ಮತ್ತೆ ಮಾಡಿದ. ಮತ್ತೆ ಕಟ್.

ಮೇಷ್ಟ್ರ ಮನೆಯವರು ಅಡುಗೆಮನೆಯಲ್ಲಿದ್ದರು. ಗೊತ್ತಿಲ್ಲದ ನಂಬರ್. ಸಾಲ ಬೇಕಾ, ಸೈಟ್ ಬೇಕಾ ಅಂತ ದಿನಾ ಬರುವ ಕರೆಗಳಲ್ಲಿ ಇದೂ ಒಂದು ಅಂದುಕೊಂಡರು.

ಆಂಬುಲೆನ್ಸ್ ಬಂತು. ಸಿಬ್ಬಂದಿ ಬೆರಳು ಚುಚ್ಚಿ ಸಕ್ಕರೆ ನೋಡಿದರು, ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ದಾರಿಯಲ್ಲೇ ಮೇಷ್ಟ್ರಿಗೆ ಎಚ್ಚರ ಬಂತು, ಹೆಸರು ಹೇಳಿದರು. ಆದರೆ ಸೈಕಲ್, ಹೆಲ್ಮೆಟ್, ಚೀಲ, ಚೀಟಿ, ಲೈಸೆನ್ಸ್ ಎಲ್ಲವೂ ಹಳ್ಳಿಯ ಒಂದು ಮನೆಯ ಜಗಲಿಯಲ್ಲಿ ಉಳಿದಿದ್ದವು. ಇವರು ಮೈಸೂರಿನ ಆಸ್ಪತ್ರೆಯಲ್ಲಿ. ಎಚ್ಚರ ಬರದೇ ಹೋಗಿದ್ದರೆ ಅಲ್ಲಿ ಇವರು ಹೆಸರಿಲ್ಲದ ರೋಗಿ ಆಗಿರುತ್ತಿದ್ದರು.

ಪ್ರಶ್ನೆ ಯಾವುದು ಅನ್ನುವುದೇ ಮೊದಲ ತಿರುವು

ವಿಷಯ ಗುಂಪಿನಲ್ಲಿ ಚರ್ಚೆಗೆ ಬಂದಾಗ ಎಲ್ಲರೂ ಒಂದೊಂದು ವಸ್ತು ಸೂಚಿಸಿದರು. ಹೊರದೇಶದಲ್ಲಿರುವ ಮಗಳು ಒಳ್ಳೆಯ ವಾಚ್ ಕಳಿಸುತ್ತೇನೆ ಅಂದಳು. ಇನ್ನೊಬ್ಬರು ಅಮೆರಿಕದ ರೋಡ್ ಐಡಿ ಕಂಪನಿಯ, ಹೆಸರು, ನಂಬರ್ ಕೆತ್ತಿದ ಕೈಪಟ್ಟಿ ತರಿಸಿ ಅಂದರು. 1999ರಿಂದ ಓಟಗಾರರಿಗೆ, ಸೈಕಲ್‌ನವರಿಗೆ ಇದನ್ನೇ ಮಾಡಿಕೊಡುವ ಕಂಪನಿ ಅದು. ಮತ್ತೊಬ್ಬರು ಕ್ಯೂಆರ್ ಕೋಡ್ ಅಂದರು.

ಮೇಷ್ಟ್ರು ವಸ್ತು ಆರಿಸುವ ಮೊದಲು ಒಂದು ಹಾಳೆ ಮೇಲೆ ಬೇರೆ ಪ್ರಶ್ನೆ ಬರೆದುಕೊಂಡರು: ಅವತ್ತು ನನ್ನ ಹತ್ತಿರ ಯಾರು ಯಾರು ಬಂದರು, ಯಾವ ಕ್ರಮದಲ್ಲಿ, ಪ್ರತಿಯೊಬ್ಬರಿಗೂ ಏನು ತಿಳಿಯಬೇಕಿತ್ತು? ಹಾಲಿನವರಿಗೆ ತಿಳಿಯಬೇಕಿದ್ದದ್ದು ಕುಡಿದಿಲ್ಲ ಅನ್ನುವುದು. ಹುಡುಗನಿಗೆ ಬೇಕಿದ್ದದ್ದು ಎತ್ತುವಂಥ ಒಂದು ನಂಬರ್. ಆಂಬುಲೆನ್ಸ್‌ನವರಿಗೆ ಇನ್ಸುಲಿನ್ ವಿಷಯ. ಆಸ್ಪತ್ರೆಗೆ ಹೆಸರು, ಡಾಕ್ಟರು ಯಾರು ಅನ್ನುವುದು. ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಈ ಹಾಳೆ. ವಾಚು, ಪಟ್ಟಿ ಅಂತ ಹೊರಟಿದ್ದರೆ ಅವರು ಆಸ್ಪತ್ರೆಯವರಿಗೆ ಅನುಕೂಲವಾಗುವ ಏನನ್ನೋ ಕೊಂಡು, ಸೇತುವೆ ಹತ್ತಿರ ಮತ್ತೆ ಕುಡುಕರಾಗಿಯೇ ಉಳಿಯುತ್ತಿದ್ದರು.

ಪರೀಕ್ಷಿಸಿ ನೋಡಿದ್ದು

ವಾಚ್ ಬೇಗ ಬಿಟ್ಟುಹೋಯಿತು. ಆಪಲ್ ವಾಚ್‌ನಲ್ಲಿ 2018ರ ನಾಲ್ಕನೇ ಸರಣಿಯಿಂದ ಬಿದ್ದದ್ದನ್ನು ಪತ್ತೆ ಮಾಡುವ ಸೌಲಭ್ಯವಿದೆ. ಗಾರ್ಮಿನ್ ಸೈಕಲ್ ಕಂಪ್ಯೂಟರ್‌ಗಳಲ್ಲೂ ಅಂಥದ್ದಿದೆ, ಅದಕ್ಕೆ ಜೋಡಿಸಿದ ಫೋನ್, ನೆಟ್‌ವರ್ಕ್ ಬೇಕು. ಇವೆಲ್ಲ ಕಾಯುವುದು ಜೋರಾದ ಹೊಡೆತಕ್ಕೆ. ಮೇಷ್ಟ್ರು ನಿಧಾನಕ್ಕೆ ಇಳಿದು, ಕೂತು, ವಾಲಿದವರು. ಅವರ ಕಾಯಿಲೆಯ ಮಟ್ಟಿಗೆ ಆ ಯಂತ್ರ ಸುಮ್ನೆ ಕೂರುತ್ತದೆ. ಲಾರಿ, ಕಾರುಗಳ ರಸ್ತೆಯಲ್ಲಿ ವೇಗವಾಗಿ ಹೋಗುವವರಿಗೆ ಲೆಕ್ಕ ಬೇರೆ ಇರಬಹುದು.

ಫೋನಿನ ಲಾಕ್ ಪರದೆಗೆ ವಿವರ ತುಂಬಿಸಿದರು. ಐಫೋನ್‌ನಲ್ಲಿ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿ, ಆಂಡ್ರಾಯ್ಡ್‌ನಲ್ಲಿ ಎಮರ್ಜೆನ್ಸಿ ಮಾಹಿತಿ. ಕಾಸು ಖರ್ಚಿಲ್ಲ, ಎಲ್ಲರೂ ಇವತ್ತೇ ಮಾಡಬಹುದು. ಆದರೆ ಇದನ್ನೊಂದೇ ನಂಬಬಹುದಾ? ಮೇಷ್ಟ್ರು ತಮ್ಮ ಬೀದಿಯ ಹೂವಿನ ಅಂಗಡಿಯ ಹೆಂಗಸಿಗೆ ಲಾಕ್ ಆದ ಫೋನ್ ಕೊಟ್ಟು "ನಾನು ಬಿದ್ದಿದ್ದೀನಿ ಅಂದ್ಕೊಳಮ್ಮ, ಏನ್ ಮಾಡ್ತೀಯ?" ಅಂತ ಕೇಳಿದರು. ಆಕೆ ಫೋನ್ ಹಿಂದಕ್ಕೆ ಕೊಟ್ಟಳು. "ನಿಮ್ ಫೋನ್ ನಾನ್ಯಾಕೆ ಮುಟ್ಲಿ ಸ್ವಾಮಿ? ಆಮೇಲೆ ಪೊಲೀಸ್ರು ಏನ್ ತೆಗ್ದೆ ಅಂತ ಕೇಳ್ತಾರೆ."

ಈ ಭಯ ಸಣ್ಣದಲ್ಲ. ಸಹಾಯ ಮಾಡಿದವರನ್ನು ಸತಾಯಿಸಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿ, ಅಪಘಾತಕ್ಕೆ ಸಿಕ್ಕವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಸಿಕ್ಕಿದೆ. ಆದರೂ ಭಯ ಹಾಗೇ ಇದೆ. ಆದ್ದರಿಂದ ಗುರುತು ಇನ್ನೊಬ್ಬರ ಫೋನ್ ಮುಟ್ಟದೆ, ಜೇಬಿಗೆ ಕೈ ಹಾಕದೆ ಓದುವಂತಿರಬೇಕು ಅಂತ ತೀರ್ಮಾನವಾಯಿತು.

ಕ್ಯೂಆರ್ ಕೋಡ್ ಪ್ರಯೋಗ ನಗುವಿನಲ್ಲಿ ಮುಗಿಯಿತು. ಸ್ಟಿಕ್ಕರ್ ಮುದ್ರಿಸಿ ಟೀ ಅಂಗಡಿಯವರಿಗೆ ತೋರಿಸಿದರು. ಅವರು ಪೇಮೆಂಟ್ ಆ್ಯಪ್ ತೆಗೆದು ಸ್ಕ್ಯಾನ್ ಮಾಡಿ, "ಎಷ್ಟ್ ಹಾಕ್ಬೇಕು ಸಾ?" ಅಂದರು. ನಮ್ಮಲ್ಲಿ ಕ್ಯೂಆರ್ ಅಂದರೆ ದುಡ್ಡು, ಬೇರೆ ಅರ್ಥ ಅದಕ್ಕೆ ಇನ್ನೂ ಬಂದಿಲ್ಲ. ಮೇಲಾಗಿ ನಾಲೆ ಬದಿಯಲ್ಲಿ ನೆಟ್‌ವರ್ಕ್ ಇರಬೇಕಲ್ಲ.

ಕೊರಳಿಗೆ ಹಾಕುವ ಸೈನಿಕರ ಬಿಲ್ಲೆಯಂಥದ್ದನ್ನೂ ಕೆಲವು ದಿನ ಕಪ್ಪು ದಾರದಲ್ಲಿ ಹಾಕಿಕೊಂಡರು. ನೋಡಿದ ಒಬ್ಬರೂ ಅದನ್ನು ಓದಲಿಲ್ಲ. ಎಲ್ಲರೂ ತಾಯತ ಅಂದುಕೊಂಡರು! ಯಾವ ದೇವಸ್ಥಾನದ್ದು ಅಂತ ಕೇಳಿದವರೂ ಉಂಟು. ಬಿದ್ದವರ ಕೊರಳಿಗೆ ಕೈ ಹಾಕಲು ಜನ ಹಿಂಜರಿಯುತ್ತಾರೆ. ಕೈ ಹಿಡಿದು ನಾಡಿ ನೋಡಲು ಹಿಂಜರಿಯುವುದಿಲ್ಲ. ಜಾಗ ಅಲ್ಲಿಗೆ ತೀರ್ಮಾನವಾಯಿತು: ಮಣಿಕಟ್ಟು.

1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವೈದ್ಯರು ಮಗಳ ಅಲರ್ಜಿಯ ಅನುಭವದಿಂದ ಶುರು ಮಾಡಿದ ಮೆಡಿಕ್‌ಅಲರ್ಟ್‌ನ ಹಾವು ಸುತ್ತಿದ ಕೋಲಿನ ಚಿಹ್ನೆಯ ಕೈಪಟ್ಟಿ ಲೋಕಪ್ರಸಿದ್ಧ. ವೈದ್ಯಕೀಯದವರಿಗೆ ಕಂಡಕೂಡಲೇ ಗೊತ್ತಾಗುತ್ತದೆ. ನಮ್ಮ ಹಾಲಿನವರಿಗೆ ಆಗುವುದಿಲ್ಲ. ಹಾವು ಕಂಡರೆ ಸುಬ್ರಹ್ಮಣ್ಯನ ಹರಕೆ ಅಂದುಕೊಂಡಾರು. ಇಂಗ್ಲಿಷ್‌ನಲ್ಲಿ ಐಸಿಇ (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದರೆ ತುರ್ತಿನಲ್ಲಿ) ಅಂತ ಕೆತ್ತಿಸುವ ರೂಢಿಗೂ ಇದೇ ತೊಡಕು.

ಎರಡನೇ ತಿರುವು: ಯಾರ ನಂಬರ್

ಇಲ್ಲಿ ಮನೆಯಲ್ಲೇ ಸ್ವಲ್ಪ ಇರಿಸುಮುರುಸಾಯಿತು. ಹೆಂಡತಿಯ ನಂಬರ್ ಇರಲೇಬೇಕು ಅನ್ನುವುದು ಎಲ್ಲರ ಮಾತು. ಆದರೆ ಅವತ್ತು ಎತ್ತದೇ ಇದ್ದದ್ದು ಅದೇ ನಂಬರ್. ಮೇಷ್ಟ್ರು ನಮ್ಮ ಗುಂಪಿನ ಒಬ್ಬರ ಫೋನಿನಿಂದ ಬೆಳಗ್ಗೆ ಆರರ ಹೊತ್ತಿಗೆ ಮನೆಯವರಿಗೆ, ಮಗನಿಗೆ, ತಮ್ಮನಿಗೆ, ಅಕ್ಕನ ಮಗನಿಗೆ ಕರೆ ಮಾಡಿಸಿದರು. ಮೊದಲೇ ಹೇಳಿರಲಿಲ್ಲ. ಮಗ ಎತ್ತಲಿಲ್ಲ, ಗೊತ್ತಿಲ್ಲದ ನಂಬರ್ ಬಂದರೆ ಅವನ ಫೋನ್ ಸದ್ದೇ ಮಾಡುವುದಿಲ್ಲ. ತಮ್ಮ ವಾಕಿಂಗ್ ಹೋಗಿದ್ದರು, ಫೋನ್ ಮನೆಯಲ್ಲಿತ್ತು. ಎತ್ತಿದ್ದು ಅಕ್ಕನ ಮಗ. ಅವನದು ಹಾರ್ಡ್‌ವೇರ್ ಅಂಗಡಿ. ಯಾವ ನಂಬರ್ ಬಂದರೂ ಗಿರಾಕಿ ಇರಬಹುದು ಅಂತ ಎತ್ತುತ್ತಾನೆ.

ಮೊದಲ ಜಾಗ ಅವನಿಗೆ ಹೋಯಿತು. ಹೆಂಡತಿಯ ನಂಬರ್ ಎರಡನೆಯದು. "ನಾನು ಇದ್ದೂ ಅವನ ನಂಬರಾ?" ಅಂತ ಮನೆಯವರು ಎರಡು ದಿನ ಮುನಿಸಿಕೊಂಡರಂತೆ. ನನ್ನ ಅಭಿಪ್ರಾಯದಲ್ಲಿ ಇದು ಇಡೀ ಆಯ್ಕೆಯ ಅತ್ಯಂತ ಕಷ್ಟದ, ಅತ್ಯಂತ ಸರಿಯಾದ ನಿರ್ಧಾರ. ಹತ್ತಿರದವರು ಬೇರೆ, ಫೋನ್ ಎತ್ತುವವರು ಬೇರೆ. (ಕೈಪಟ್ಟಿಯಲ್ಲಿ ತಮ್ಮದೇ ನಂಬರ್ ಹಾಕಿಸಿಕೊಂಡ ಪುಣ್ಯಾತ್ಮರೂ ಇದ್ದಾರೆ. ಕರೆ ಮಾಡಿದರೆ ಬಿದ್ದವರ ಜೇಬಿನಲ್ಲೇ ಗಂಟೆ ಬಾರಿಸುತ್ತದೆ.)

ರಕ್ತದ ಗುಂಪು ಇರಲೇಬೇಕು ಅಂತ ಮೇಷ್ಟ್ರ ತಮ್ಮ ಪಟ್ಟು ಹಿಡಿದರು. ಮೇಷ್ಟ್ರ ಡಾಕ್ಟರು ಬೇಡ ಅಂದರು: ರಕ್ತ ಕೊಡುವ ಮೊದಲು ಆಸ್ಪತ್ರೆಯವರು ಗುಂಪನ್ನು ತಾವೇ ಪರೀಕ್ಷಿಸುತ್ತಾರೆ, ಪಟ್ಟಿ ನೋಡಿ ಬಾಟಲಿ ಏರಿಸುವುದಿಲ್ಲ. ಆ ಸಾಲು ಎರಡನೇ ನಂಬರಿಗೆ ಸಿಕ್ಕಿತು. ಮನೆ ವಿಳಾಸವೂ ಬೇಡ ಅಂತಾಯಿತು. ಇದನ್ನು ಹೇಳಿದ್ದು ಗುಂಪಿನ ಒಬ್ಬ ಮಹಿಳೆ. ಒಬ್ಬರೇ ಹೋಗುವ ಹೆಂಗಸರು ಹೆಸರು, ನಂಬರ್ ಹೊರಗೆ ಕಾಣುವ ಹಾಗೆ ಹಾಕಿಕೊಂಡರೆ ತೊಂದರೆ ಕೊಡುವವರು ಇದ್ದೇ ಇರುತ್ತಾರೆ. ಆಕೆ ತಮ್ಮ ಪಟ್ಟಿಯಲ್ಲಿ ಅಕ್ಷರಗಳನ್ನು ಮಣಿಕಟ್ಟಿನ ಒಳಬದಿಗೆ ಬರುವಂತೆ ಹಾಕಿಕೊಳ್ಳುತ್ತಾರೆ. ನಾಡಿ ಹಿಡಿಯುವವರಿಗೆ ಹೇಗೂ ಅದೇ ಬದಿ ಕಾಣುತ್ತದೆ.

ಕೆತ್ತಿಸಿದ್ದು

ಅಮೆರಿಕದ ಪಟ್ಟಿ ಯಾಕೆ ಬೇಡವಾಯಿತು ಅಂದರೆ ಮೇಷ್ಟ್ರಿಗೆ ಕನ್ನಡ ಬೇಕಿತ್ತು, ಮತ್ತು ನಂಬರ್ ಬದಲಾದರೆ ಅದೇ ದಿನ ಹೊಸದು ಮಾಡಿಸುವಂತಿರಬೇಕಿತ್ತು. ನೆನಪಾದದ್ದು ಪಾತ್ರೆ ಅಂಗಡಿ. ಮದುವೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ತಟ್ಟೆ, ಡಬ್ಬಿಗಳ ಮೇಲೆ ಹೆಸರು ಕೆತ್ತಿಕೊಡುತ್ತಾರಲ್ಲ, ಪೆನ್ನಿನ ಹಾಗೆ ಹಿಡಿಯುವ ಆ ಕರೆಂಟಿನ ಮೆಷಿನ್ನಿಂದ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಸ್ಟೀಲ್ ತಗಡಿನ ತುಂಡು ಕತ್ತರಿಸಿ, ಮೂಲೆ ಉಜ್ಜಿಸಿ, ಎರಡು ತುದಿಗೆ ಸೀಳು ಹಾಕಿಸಿ ತಂದರು. ಹಳೆ ವಾಚಿನ ನೈಲಾನ್ ಪಟ್ಟಿ ಅದರಲ್ಲಿ ತೂರಿತು. ಚರ್ಮದ ಪಟ್ಟಿ ಬೆವರಿಗೆ ನಾರುತ್ತದೆ, ಹಿತ್ತಾಳೆ ಹಸಿರು ಹಿಡಿಯುತ್ತದೆ, ಆದ್ದರಿಂದ ಅವೆರಡೂ ಬೇಡ.

ಮೊದಲ ಪ್ರತಿ ಹಾಳಾಯಿತು. ಸಾಲುಗಳು ಒತ್ತೊತ್ತಾಗಿದ್ದವು. ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ, ಇನ್ಸುಲಿನ್ ಅನ್ನುವುದು ಬರೀ ಗೀರುಗಳಾಗಿ ಕಂಡಿತು. ಕೆತ್ತುವವರು ಕನ್ನಡಕ ಮೇಲೆತ್ತಿ, "ಇಷ್ಟ್ ಪುಟ್ ತಗಡಲ್ಲಿ ರಾಮಾಯಣ ಬರ್ಸಕ್ಕಾಗಲ್ಲ ಮೇಷ್ಟ್ರೇ, ಮಾತು ಕಮ್ಮಿ ಮಾಡಿ" ಅಂದರು. ಮಾತು ಕಮ್ಮಿಯಾಯಿತು. ಮುಂದಿನ ಬದಿಯಲ್ಲಿ ಹೀಗೆ ಉಳಿಯಿತು:

ಶುಗರ್ ಇದೆ. ಕುಡಿದಿಲ್ಲ.
ಎಚ್ಚರ ಇದ್ದರೆ ಸಕ್ಕರೆ ಕೊಡಿ.
108

ಕೆಳಗೆ ಎರಡು ನಂಬರ್. ಐದೈದು ಅಂಕಿಗೆ ಬಿಡುವು ಕೊಟ್ಟು, ಎಲ್ಲರೂ ಫೋನಿನಲ್ಲಿ ಒತ್ತುವ ಇಂಗ್ಲಿಷ್ ಅಂಕಿಗಳಲ್ಲಿ. ಹಿಂದಿನ ಬದಿ ಆಸ್ಪತ್ರೆಯವರಿಗೆ, ಇಂಗ್ಲಿಷ್‌ನಲ್ಲಿ: ಹೆಸರು, ಇನ್ಸುಲಿನ್ ತೆಗೆದುಕೊಳ್ಳುವ ವಿಷಯ, ಡಾಕ್ಟರ ನಂಬರ್. ಹೂವಿನ ಹೆಂಗಸಿಗೆ ತೋರಿಸಿದಾಗ ಆಕೆ ಗಟ್ಟಿಯಾಗಿ ಓದಿ, "ಅಯ್ಯೋ, ಸಕ್ರೆ ತರ್ಲಾ?" ಅಂದಳು. ಪರೀಕ್ಷೆ ಪಾಸು.

ಇದರ ಜೊತೆ ಇನ್ನೂ ಮೂರು ಬದಲಾವಣೆ. ಹೊರಡುವಾಗ ವಾಟ್ಸಾಪ್‌ನಲ್ಲಿ ಎಂಟು ಗಂಟೆಯ ಲೈವ್ ಲೊಕೇಶನ್ ಮನೆಗೆ ಕಳಿಸುತ್ತಾರೆ. ಸೈಕಲ್ ದಿನಗಳ ಇನ್ಸುಲಿನ್ ಪ್ರಮಾಣವನ್ನು ಡಾಕ್ಟರು ಬದಲಿಸಿದ್ದಾರೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರುತ್ತದೆ. ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ, ತಿಂದು ಕಾಲು ಗಂಟೆ ಕೂತು ಮತ್ತೆ ಪರೀಕ್ಷಿಸುವುದು ರೂಢಿಯ ಕ್ರಮ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ.

ಪಟ್ಟಿಗೆ ಕೆಲಸ ಬಿದ್ದ ದಿನ

ಕೆಲವು ತಿಂಗಳ ಮೇಲೆ ಅದು ಬೇಕಾಯಿತು, ಅಂದುಕೊಂಡ ಕಾರಣಕ್ಕಲ್ಲ. ಹಳ್ಳಿಯೊಂದರಲ್ಲಿ ನಾಯಿ ಅಡ್ಡ ಬಂದು ಮೇಷ್ಟ್ರು ಬಿದ್ದರು. ಕೊರಳೆಲುಬು ಮುರಿದಿತ್ತು, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಎಳನೀರು ಮಾರುವ ಹೆಂಗಸು ಓಡಿ ಬಂದು ಕೈ ಹಿಡಿದರು, ಪಟ್ಟಿ ಕಂಡಿತು. ಅವರಿಗೆ ಓದು ಬರುತ್ತಿರಲಿಲ್ಲ. ಅವರ ಮೊಮ್ಮಗಳು ಓದಿ ಹೇಳಿದಳು. ಮೊದಲ ನಂಬರಿಗೆ ಕರೆ ಹೋಯಿತು, ಎರಡನೇ ರಿಂಗಿಗೆ ಅಕ್ಕನ ಮಗ ಎತ್ತಿದ. ಅವನೇ ಅತ್ತೆಗೆ ಸಮಾಧಾನವಾಗಿ ವಿಷಯ ತಿಳಿಸಿ, ಅವರನ್ನು ಕರೆದುಕೊಂಡು ನೇರ ಆಸ್ಪತ್ರೆಗೆ ಬಂದ.

ಎರಡು ಕಡೆ ಎಡವಟ್ಟೂ ಆಯಿತು. ಮೊದಲನೆಯದು, ಪಟ್ಟಿಯಲ್ಲಿ ಬರೆದಿದೆ ಅಂತ ಅಜ್ಜಿ ಸಕ್ಕರೆ ತಿನ್ನಿಸಲೇಬೇಕು ಅಂತ ಹಟ ಹಿಡಿದರು. ಎಲುಬು ಮುರಿದವರಿಗೆ ಆಪರೇಷನ್ ಬೇಕಾಗಬಹುದು, ಹೊಟ್ಟೆ ಖಾಲಿ ಇರುವುದು ಒಳ್ಳೆಯದು. ಅವತ್ತು ಇವರ ಶುಗರ್ ಸರಿಯಾಗಿಯೇ ಇತ್ತು. ಆ ಸಾಲು ಎಲ್ಲ ಸಂದರ್ಭಕ್ಕೂ ಆಜ್ಞೆಯಾಗಿ ಕೂತಿತ್ತು. ಈಗ ಅದನ್ನು "ತೊದಲಿದರೆ ಸಕ್ಕರೆ ಕೊಡಿ" ಅಂತ ಬದಲಿಸಿದ್ದಾರೆ. ತೊದಲುವವರಿಗೆ ಎಚ್ಚರ ಇದ್ದೇ ಇರುತ್ತದೆ, ಹಾಗಾಗಿ ಹಳೆಯ ಎಚ್ಚರಿಕೆಯೂ ಅದರೊಳಗೇ ಸೇರಿಕೊಂಡಿತು.

ಎರಡನೆಯದು ಆಸ್ಪತ್ರೆಯಲ್ಲಿ. ಎಕ್ಸ್‌ರೇಗೆ ಮೊದಲು ವಾಚ್, ಉಂಗುರದ ಜೊತೆ ಪಟ್ಟಿಯನ್ನೂ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿದರು. ಹಿಂದಿನ ಬದಿಯ ಇಂಗ್ಲಿಷ್ ಬರಹವನ್ನು ಆವರೆಗೆ ಯಾರೂ ತಿರುಗಿಸಿ ನೋಡಿರಲಿಲ್ಲ. ಇನ್ಸುಲಿನ್ ವಿಷಯ ಕೇಸ್ ಶೀಟ್‌ಗೆ ಸೇರಿದ್ದು ಅಕ್ಕನ ಮಗ ಬಾಯಿಬಿಟ್ಟು ಹೇಳಿದ ಮೇಲೆ. ಅಂದರೆ ಪಟ್ಟಿ ಕೆಲಸ ಮಾಡುವುದು ರಸ್ತೆಯಿಂದ ಆಸ್ಪತ್ರೆಯ ಬಾಗಿಲಿನವರೆಗೆ. ಅಲ್ಲಿಂದ ಮುಂದೆ ಅದು ಕರೆಸಿದ ಮನುಷ್ಯನ ಕೆಲಸ. ಅದಕ್ಕೇ ಈಗ ಅಕ್ಕನ ಮಗನ ಫೋನಿನಲ್ಲಿ ಮೇಷ್ಟ್ರ ಔಷಧಿ ಚೀಟಿಯ ಫೋಟೋ ಇದೆ. ಡಾಕ್ಟರು ಬದಲಿಸಿದಾಗಲೆಲ್ಲ ಹೊಸ ಫೋಟೋ ಹೋಗುತ್ತದೆ. ಮುಂದಿನ ಬದಿಯ ಮೂಲೆಯಲ್ಲಿ ಒಂದು ಬಾಣದ ಗುರುತನ್ನೂ ಕೆತ್ತಿಸಿದ್ದಾರೆ, ತಿರುಗಿಸಿ ನೋಡಿ ಅಂತ. ಅದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಹೇಳಲಾರೆ.

ಒಂದು ತೊಡಕು ಹಾಗೇ ಉಳಿದಿದೆ. ಮೇಷ್ಟ್ರಿಗೆ ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಯವರೆಗೆ ಒಬ್ಬರೇ ಹೋಗುವ ಆಸೆ. ಗಡಿ ದಾಟಿದ ಮೇಲೆ ಕನ್ನಡದ ಬದಿ ಓದುವವರು ಕಡಿಮೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿದರೂ ಅಷ್ಟೇ. ಮಲಯಾಳಕ್ಕೊಂದು, ತಮಿಳಿಗೊಂದು ತಗಡು ಮಾಡಿಸಿ ಹೋಗುವ ದಾರಿ ನೋಡಿ ಬದಲಿಸಿಕೊಳ್ಳುತ್ತೇನೆ ಅನ್ನುತ್ತಾರೆ ಅವರು. ಪಾತ್ರೆ ಅಂಗಡಿಯವರು ಆ ಲಿಪಿಗಳು ತಮಗೆ ಬರುವುದಿಲ್ಲ, ದೊಡ್ಡದಾಗಿ ಬರೆದುಕೊಟ್ಟರೆ ನೋಡಿಕೊಂಡು ಕೆತ್ತುತ್ತೇನೆ ಅಂದಿದ್ದಾರೆ. ಬರೆದುಕೊಡಲು ಒಬ್ಬ ಮಲಯಾಳಿ ನರ್ಸ್ ಒಪ್ಪಿದ್ದಾರೆ. ತಮಿಳಿಗೆ ಇನ್ನೂ ಯಾರನ್ನೂ ಕೇಳಿಲ್ಲ.